ಎಐ ಏಜೆಂಟ್‌ಗೆ ಒಂದೇ ಪಾತ್ರ, ಎಲ್ಲ ಎಡಿಟರ್‌ಗಳಲ್ಲೂ: ಹಂತ ಹಂತದ ಮಾರ್ಗದರ್ಶಿ

ಲೀಪ್ ವರ್ಷದ ಲೆಕ್ಕ ಮಾಡುವ ಒಂದು ಸಣ್ಣ ಫಂಕ್ಷನ್. ಅದನ್ನು ಓದಿ ತಪ್ಪಿದ್ದರೆ ಹೇಳಲಿ ಅಂತ ಎಡಿಟರ್‌ನ ಎಐ ಏಜೆಂಟ್‌ಗೆ (ಕೋಡ್ ಓದಿ, ಬರೆದು, ಕಮಾಂಡ್ ಓಡಿಸುವ ಸಹಾಯಕ) ರಿವ್ಯೂವರ್ ಪಾತ್ರ, ಅಂದರೆ ಹೇಗೆ ಕೆಲಸ ಮಾಡಬೇಕೆಂಬ ಸೂಚನೆ, ಕೊಟ್ಟಿದ್ದೆ. "ನೀನು ಇಪ್ಪತ್ತು ವರ್ಷ ಅನುಭವ ಇರುವ ಹಿರಿಯ ಎಂಜಿನಿಯರ್, ಯಾವ ಫೈಲನ್ನೂ ಮುಟ್ಟಬೇಡ" ಅಂತ ಸ್ಪಷ್ಟವಾಗಿ ಬರೆದಿದ್ದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಟೆಸ್ಟ್‌ಗಳೆಲ್ಲ ಪಾಸ್. ಅನುಮಾನ ಬಂದು ಡಿಫ್, ಅಂದರೆ ಯಾವ ಸಾಲು ಬದಲಾಗಿದೆ ಎಂಬ ಪಟ್ಟಿ, ತೆಗೆದೆ. ಫಂಕ್ಷನ್‌ನಲ್ಲಿದ್ದ ತಪ್ಪು ಹಾಗೇ ಇತ್ತು. ಟೆಸ್ಟ್ ಫೈಲ್‌ನಲ್ಲಿ ಫೆಬ್ರವರಿಯ ದಿನಗಳಿಗೆ 28 ಇದ್ದ ಜಾಗಕ್ಕೆ 29 ಬಂದಿತ್ತು.

ಮುಟ್ಟಬೇಡ ಅಂತ ಬಾಯಲ್ಲಿ ಹೇಳಿ, ಕೈಗೆ ಫೈಲ್ ತಿದ್ದುವ ಎಡಿಟ್ ಟೂಲ್ ಕೊಟ್ಟಿದ್ದೆ. ತೊಂದರೆ ಆಗಿದ್ದು ಅಲ್ಲೇ. ಅವತ್ತಿನಿಂದ ಪಾತ್ರ ಬರೆಯುವ ಕ್ರಮವನ್ನೇ ಬದಲಾಯಿಸಿದೆ: ಮೊದಲು ಟೂಲ್, ಆಮೇಲೆ ಮಾತು. ಇಲ್ಲಿ ಹೇಳುವುದೆಲ್ಲ ಆ ಕ್ರಮದಲ್ಲೇ ಇದೆ. ನೀವು ಎರಡು ಮೂರು ಎಡಿಟರ್ ಬಳಸುತ್ತೀರಿ, ಅಥವಾ ನಿಮ್ಮ ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಎಡಿಟರ್ ಅಂತಾದರೆ ಇದು ನಿಮಗೇ ಬರೆದದ್ದು.

ಶುರು ಮಾಡುವ ಮುಂಚೆ ಒಂದು ಮಾತು. ಫೈಲ್ ಮತ್ತು ಫೋಲ್ಡರ್ ಹೆಸರುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, "ಡಾಟ್" ಎಂದಲ್ಲಿ ಚುಕ್ಕಿ ಇಡಿ. ಏಜೆಂಟ್ಸ್ ಡಾಟ್ ಎಂಡಿ, ಕ್ಲಾಡ್ ಡಾಟ್ ಎಂಡಿ ಎರಡರಲ್ಲೂ ಮೊದಲ ಭಾಗ ಪೂರ್ತಿ ದೊಡ್ಡಕ್ಷರ. ಉಳಿದ ಫೈಲ್, ಫೋಲ್ಡರ್ ಹೆಸರುಗಳೆಲ್ಲ ಚಿಕ್ಕಕ್ಷರ.

ಹಂತ 1: ನಿಯಮ ಬೇರೆ, ಪಾತ್ರ ಬೇರೆ

ಜಾಸ್ತಿ ಜನ ಎಡವುವುದು ಇಲ್ಲಿ. ಪ್ರಾಜೆಕ್ಟ್ ನಿಯಮಗಳನ್ನೂ ಪಾತ್ರವನ್ನೂ ಒಂದೇ ಫೈಲ್‌ಗೆ ತುಂಬುತ್ತಾರೆ. ಆ ಫೈಲ್ ಬೆಳೆದು ಬೆಳೆದು, ಯಾರೂ ಓದದ ಹಂತಕ್ಕೆ ಹೋಗುತ್ತದೆ.

ಟೆಸ್ಟ್ ಓಡಿಸುವ ಕಮಾಂಡ್ ಯಾವುದು, ಫೋಲ್ಡರ್‌ಗಳು ಹೇಗಿವೆ, ಯಾವ ಲೈಬ್ರರಿ ಬಳಸಬಾರದು, ಇವೆಲ್ಲ ನಿಯಮಗಳು. ಯಾರು ಕೆಲಸಕ್ಕೆ ಕೂತರೂ ಇವು ಬೇಕು. ಪಾತ್ರ ಹಾಗಲ್ಲ, ಅದು ಈ ಹೊತ್ತಿನ ಕೆಲಸಕ್ಕೆ ಮಾತ್ರ. ರಿವ್ಯೂ ಮಾಡುವಾಗ ರಿವ್ಯೂವರ್, ಯೋಜನೆ ಹಾಕುವಾಗ ಪ್ಲಾನರ್, ಟೆಸ್ಟ್ ಬರೆಯುವಾಗ ಟೆಸ್ಟರ್. ನನಗೆ ಈ ಮೂರೇ ಸಾಕಾಗಿವೆ. ಹದಿನೈದು ಪಾತ್ರ ಮಾಡಿಟ್ಟವರನ್ನೂ ನೋಡಿದ್ದೇನೆ. ಯಾವಾಗ ಯಾವುದನ್ನು ಕರೆಯಬೇಕು ಅಂತ ಅವರಿಗೇ ನೆನಪಿರುವುದಿಲ್ಲ.

ಹೊಸ ಪಾತ್ರ ಬೇಕೋ ಬೇಡವೋ ಅಂತ ನಿರ್ಧರಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದಕ್ಕೆ ಬೇರೆ ಟೂಲ್‌ಗಳು ಬೇಕಾ, ಅಥವಾ ಉತ್ತರದ ರೂಪ ಬೇರೆ ಇರಬೇಕಾ? ಎರಡಕ್ಕೂ ಇಲ್ಲ ಅಂದರೆ ಪಾತ್ರ ಬೇಡ. ಚಾಟ್‌ನಲ್ಲಿ ಒಂದು ಸಾಲು ಹೇಳಿದರೆ ಸಾಕು.

ಹಂತ 2: ಪಾತ್ರವನ್ನು ಬರೆಯಿರಿ

ಎಡಿಟರ್ ಈಗಲೇ ತೆರೆಯಬೇಡಿ. ಖಾಲಿ ಫೈಲ್‌ನಲ್ಲಿ ನಾಲ್ಕು ವಿಷಯ ಬರೆಯಿರಿ: ಕೆಲಸ ಏನು, ಕೈಗೆ ಯಾವ ಟೂಲ್, ಉತ್ತರ ಯಾವ ರೂಪದಲ್ಲಿ, ಎಲ್ಲಿ ನಿಲ್ಲಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಎಲ್ಲಿ ನಿಲ್ಲಬೇಕು ಅಂತ ಹೇಳದಿದ್ದರೆ ಏಜೆಂಟ್ ಕೆಲಸ ಮುಂದುವರಿಸಿಕೊಂಡು ಹೋಗುತ್ತಲೇ ಇರುತ್ತದೆ.

ನನ್ನ ರಿವ್ಯೂವರ್ ಈಗ ಹೀಗಿದೆ:

ಕೆಲಸ: ಈ ಬ್ರಾಂಚ್‌ನ ಡಿಫ್ ಮಾತ್ರ ಓದು. ಡಿಫ್‌ನಲ್ಲಿ ಇಲ್ಲದ ಹಳೆಯ ಕೋಡ್ ಬಗ್ಗೆ ಅಭಿಪ್ರಾಯ ಬೇಡ.
ಮೊದಲು ನೋಡಬೇಕಾದ್ದು: ತಪ್ಪು ಫಲಿತಾಂಶ, ನಿರ್ವಹಿಸದ ಎರರ್, ಬದಲಾದ ಟೆಸ್ಟ್ ನಿರೀಕ್ಷೆ. ಹೆಸರಿಡುವ ಶೈಲಿ, ಸ್ಪೇಸ್, ಕಾಮಾ ಬಗ್ಗೆ ಹೇಳಬೇಡ. ಅದಕ್ಕೆ ಫಾರ್ಮ್ಯಾಟರ್ ಇದೆ.
ಉತ್ತರ: ಮೊದಲ ಸಾಲು "ರಿವ್ಯೂ:" ಎಂದು ಶುರುವಾಗಲಿ. ಒಂದೊಂದು ತಪ್ಪಿಗೂ ಫೈಲ್ ಹೆಸರು, ಸಾಲಿನ ಸಂಖ್ಯೆ, ಏನಾಗುತ್ತದೆ ಎಂಬ ಒಂದು ವಾಕ್ಯ, ಅದು ಆಗುವಂಥ ಒಂದು ಇನ್‌ಪುಟ್.
ನಿಲ್ಲುವ ಜಾಗ: ಇನ್‌ಪುಟ್ ಕೊಟ್ಟು ತೋರಿಸಲಾಗದ ತಪ್ಪನ್ನು "ಅನುಮಾನ" ಎಂದು ಬೇರೆ ಪಟ್ಟಿಗೆ ಹಾಕು. ತಪ್ಪು ಸಿಗದಿದ್ದರೆ "ತಪ್ಪು ಕಾಣಲಿಲ್ಲ" ಎಂದು ಬರೆದು ನಿಲ್ಲು. ತಿದ್ದುಪಡಿ ಮಾಡಬೇಡ.

ಇಪ್ಪತ್ತು ವರ್ಷದ ಅನುಭವ ಈಗ ಎಲ್ಲೂ ಇಲ್ಲ. ಅದನ್ನು ತೆಗೆದದ್ದರಿಂದ ಏನೂ ಕಡಿಮೆಯಾಗಲಿಲ್ಲ. ಫಲ ಕೊಟ್ಟದ್ದು "ಆಗುವಂಥ ಒಂದು ಇನ್‌ಪುಟ್" ಅನ್ನುವ ಆ ಸಣ್ಣ ಷರತ್ತು. ಸುಮ್ನೆ "ಇಲ್ಲಿ ಸಮಸ್ಯೆ ಬರಬಹುದು" ಅಂತ ಹೇಳಿಹೋಗಲು ಅದು ಬಿಡುವುದಿಲ್ಲ. ಲೀಪ್ ವರ್ಷದ ಫಂಕ್ಷನ್ ಮೇಲೆ ಈ ಪಾತ್ರವನ್ನು ಮತ್ತೆ ಓಡಿಸಿದಾಗ, 1900 ಕೊಟ್ಟರೆ ಲೀಪ್ ವರ್ಷ ಅಂತ ತಪ್ಪು ಉತ್ತರ ಬರುತ್ತದೆ ಎಂದು ನೇರವಾಗಿ ಹೇಳಿತು. ಇಂಥ ರಿವ್ಯೂ ಆದರೆ ಓದಿದ ತಕ್ಷಣ ಕೆಲಸಕ್ಕೆ ಬರುತ್ತದೆ.

ಪಾತ್ರವನ್ನು ಕನ್ನಡದಲ್ಲಿ ಬರೆಯಬಹುದಾ? ಬರೆಯಬಹುದು. ಇವತ್ತಿನ ದೊಡ್ಡ ಮಾಡೆಲ್‌ಗಳಿಗೆ ಮೇಲಿನ ಸೂಚನೆ ಅರ್ಥವಾಗುತ್ತದೆ. ಆದರೆ ಅದೇ ಮಾತಿಗೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತದೆ, ಮತ್ತು ಈ ಸೂಚನೆ ಪ್ರತಿ ಸಲವೂ ಮಾಡೆಲ್‌ಗೆ ಹೋಗುತ್ತದೆ. ನಾನು ಸೂಚನೆಯನ್ನು ಇಂಗ್ಲಿಷ್‌ನಲ್ಲಿಟ್ಟು, ಕೊನೆಗೆ "ವಿವರಣೆ ಕನ್ನಡದಲ್ಲಿ, ಕೋಡ್ ಮತ್ತು ಕಾಮೆಂಟ್ ಇಂಗ್ಲಿಷ್‌ನಲ್ಲಿ" ಅಂತ ಒಂದು ಸಾಲು ಸೇರಿಸುತ್ತೇನೆ. ಆ ಸಾಲಿನ ಎರಡನೇ ಭಾಗ ಬಿಟ್ಟರೆ ಕೋಡ್ ಕಾಮೆಂಟ್‌ಗಳಲ್ಲೂ ಕನ್ನಡ ಬಂದುಬಿಡಬಹುದು. ನಿಮಗೆ ಅದೇ ಬೇಕಿದ್ದರೆ ಸರಿ.

ಹಂತ 3: ಎಲ್ಲರಿಗೂ ಒಂದೇ ಅಡಿಪಾಯ

ಪ್ರಾಜೆಕ್ಟ್ ನಿಯಮಗಳಿಗೆ ರೂಟ್ ಫೋಲ್ಡರ್‌ನಲ್ಲಿ ಏಜೆಂಟ್ಸ್ ಡಾಟ್ ಎಂಡಿ ಫೈಲ್ ಇಡಿ. 2025ರಲ್ಲಿ ಬಂದ ಈ ಮುಕ್ತ ಪದ್ಧತಿಯನ್ನು ಈಗ ಕರ್ಸರ್, ಕೋಡೆಕ್ಸ್, ವಿಎಸ್ ಕೋಡ್, ಝೆಡ್ ಹೀಗೆ ಹಲವು ಎಡಿಟರ್, ಏಜೆಂಟ್‌ಗಳು ಓದುತ್ತವೆ. ಇದಕ್ಕೆ ವಿಶೇಷ ರಚನೆ ಏನೂ ಇಲ್ಲ, ಸಾದಾ ಮಾರ್ಕ್‌ಡೌನ್. ಒಳಗಿನ ಫೋಲ್ಡರ್‌ಗೆ ಬೇರೆ ನಿಯಮ ಬೇಕಿದ್ದರೆ ಅಲ್ಲೂ ಇದೇ ಹೆಸರಿನ ಫೈಲ್ ಇಡಬಹುದು. ತಿದ್ದುತ್ತಿರುವ ಕೋಡ್‌ಗೆ ಹತ್ತಿರದ ಫೈಲ್‌ನ ಮಾತಿಗೆ ಹೆಚ್ಚು ಬೆಲೆ.

ಆಂಥ್ರೊಪಿಕ್ ಕಂಪನಿಯ ಏಜೆಂಟ್ ಕ್ಲಾಡ್ ಕೋಡ್ ಓದುವುದು ಕ್ಲಾಡ್ ಡಾಟ್ ಎಂಡಿ ಫೈಲನ್ನು. ಹಾಗಂತ ನಿಯಮಗಳನ್ನು ಎರಡು ಕಡೆ ಬರೆಯಬೇಡಿ. ಕ್ಲಾಡ್ ಡಾಟ್ ಎಂಡಿ ಒಳಗೆ ಆ್ಯಟ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿಯೇ ಏಜೆಂಟ್ಸ್ ಡಾಟ್ ಎಂಡಿ ಹೆಸರು ಬರೆದರೆ ಆ ಫೈಲ್ ಪೂರ್ತಿ ಒಳಗೆ ಬರುತ್ತದೆ.

ಹಂತ 4: ಪಾತ್ರದ ಮೂಲ ಪ್ರತಿ ಒಂದೇ ಇರಲಿ

ಪಾತ್ರಗಳಿಗೆ ಅಂತಲೇ ಒಂದು ಫೋಲ್ಡರ್ ಮಾಡಿ. ನಾನು ಅದಕ್ಕೆ ಪರ್ಸೋನಾಸ್ ಅಂತ ಹೆಸರಿಟ್ಟಿದ್ದೇನೆ. ಹಂತ 2ರಲ್ಲಿ ಬರೆದ ಪಠ್ಯ ಇಲ್ಲಿರಲಿ, ಪಾತ್ರಕ್ಕೊಂದು ಫೈಲ್. ಎಡಿಟರ್‌ಗಳಿಗೆ ಬೇಕಾದ ಫೈಲ್‌ಗಳೆಲ್ಲ ಇದರಿಂದಲೇ ಹುಟ್ಟಬೇಕು.

ಎಡಿಟರ್‌ನಿಂದ ಎಡಿಟರ್‌ಗೆ ಬದಲಾಗುವುದು ಫೈಲ್‌ನ ತಲೆಭಾಗ ಮಾತ್ರ. ತಲಾ ಮೂರು ಹೈಫನ್ ಇರುವ ಎರಡು ಸಾಲುಗಳ ನಡುವೆ ಬರುತ್ತದಲ್ಲ, ಫ್ರಂಟ್‌ಮ್ಯಾಟರ್, ಅದು. ಕೆಳಗಿನ ಪಠ್ಯ ಎಲ್ಲ ಕಡೆಯೂ ಒಂದೇ. ಹಾಗಾಗಿ ಒಂದೊಂದು ಎಡಿಟರ್‌ಗೂ ಒಂದೊಂದು ತಲೆಭಾಗ ಬರೆದಿಟ್ಟು, ಅದನ್ನೂ ಮೂಲ ಪಠ್ಯವನ್ನೂ ಜೋಡಿಸಿ ಸರಿಯಾದ ಜಾಗಕ್ಕೆ ಬರೆಯುವ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಹುಟ್ಟಿದ ಫೈಲ್‌ಗಳ ಪಠ್ಯದ ಮೊದಲ ಸಾಲಿನಲ್ಲಿ "ಇಲ್ಲಿ ತಿದ್ದಬೇಡಿ, ಪರ್ಸೋನಾಸ್ ಫೋಲ್ಡರ್‌ನಲ್ಲಿ ತಿದ್ದಿ" ಅಂತ ಕಾಮೆಂಟ್ ಹಾಕಿಸಿ. ಇಲ್ಲದಿದ್ದರೆ ಯಾರಾದರೂ ಅವಸರದಲ್ಲಿ ಅಲ್ಲೇ ತಿದ್ದುತ್ತಾರೆ, ಮುಂದಿನ ಸಲ ಸ್ಕ್ರಿಪ್ಟ್ ಓಡಿದಾಗ ಅವರ ತಿದ್ದುಪಡಿ ಮಾಯ.

ಸ್ಕ್ರಿಪ್ಟ್ ಯಾಕೆ, "ಮೊದಲು ಆ ಫೈಲ್ ಓದು" ಅಂತ ಒಂದು ಸಾಲು ಬರೆದರೆ ಆಗಲ್ವಾ? ಆಗುತ್ತದೆ, ಆದರೆ ಓದುವುದು ಬಿಡುವುದು ಏಜೆಂಟ್ ಕೈಯಲ್ಲಿ ಉಳಿಯುತ್ತದೆ. ಪಠ್ಯ ನೇರವಾಗಿ ಫೈಲ್‌ನಲ್ಲೇ ಇದ್ದರೆ ಆ ಚಿಂತೆ ಇಲ್ಲ.

ಹಂತ 5: ಒಂದೊಂದೇ ಎಡಿಟರ್

ವಿಎಸ್ ಕೋಡ್ ಮತ್ತು ಅದರೊಳಗಿನ ಎಐ ಸಹಾಯಕ ಕೋಪೈಲಟ್. ಡಾಟ್ ಗಿಟ್‌ಹಬ್ ಫೋಲ್ಡರ್ ಒಳಗೆ ಏಜೆಂಟ್ಸ್ ಎಂಬ ಫೋಲ್ಡರ್ ಮಾಡಿ. ಅದರಲ್ಲಿ ರಿವ್ಯೂವರ್ ಡಾಟ್ ಏಜೆಂಟ್ ಡಾಟ್ ಎಂಡಿ ಎಂಬ ಫೈಲ್ ಇಡಿ. ತಲೆಭಾಗದಲ್ಲಿ ನೇಮ್, ಡಿಸ್ಕ್ರಿಪ್ಷನ್, ಟೂಲ್ಸ್, ಮಾಡೆಲ್ ಎಂಬ ಕೀಗಳು ಬರುತ್ತವೆ. ರಿವ್ಯೂವರ್‌ನ ಟೂಲ್ಸ್ ಪಟ್ಟಿಯಲ್ಲಿ ಹುಡುಕುವ ಮತ್ತು ಓದುವ ಟೂಲ್ ಮಾತ್ರ ಇರಲಿ, ಎಡಿಟ್ ಬೇಡ. ಸೇವ್ ಮಾಡಿದ ಮೇಲೆ ಚಾಟ್ ಪೆಟ್ಟಿಗೆಯ ಕೆಳಗಿನ ಏಜೆಂಟ್ ಪಟ್ಟಿಯಲ್ಲಿ ಹೊಸ ಹೆಸರು ಕಾಣಬೇಕು.

ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ಹ್ಯಾಂಡ್‌ಆಫ್ಸ್ ಎಂಬ ಕೀ. ಪ್ಲಾನರ್ ಪಾತ್ರ ಯೋಜನೆ ಬರೆದು ಮುಗಿಸಿದಾಗ ಉತ್ತರದ ಕೆಳಗೆ ಒಂದು ಬಟನ್ ಬರುತ್ತದೆ. ಅದನ್ನು ಒತ್ತಿದರೆ ಅದೇ ಸಂಭಾಷಣೆ ಕೋಡ್ ಬರೆಯುವ ಏಜೆಂಟ್ ಕೈಗೆ ಹೋಗುತ್ತದೆ. ನಡುವೆ ನೀವು ಓದಿ ಒಪ್ಪುವ ಒಂದು ಹೆಜ್ಜೆ ತಾನಾಗಿಯೇ ಸಿಗುತ್ತದೆ.

2025ರ ಮಧ್ಯಭಾಗದಲ್ಲಿ ಇವನ್ನು ಕಸ್ಟಮ್ ಚಾಟ್ ಮೋಡ್ ಎಂದು ಕರೆಯುತ್ತಿದ್ದರು, ಫೈಲ್ ಕೊನೆ ಡಾಟ್ ಚಾಟ್‌ಮೋಡ್ ಡಾಟ್ ಎಂಡಿ ಇತ್ತು. ಅದೇ ವರ್ಷದ ಕೊನೆಗೆ ಕಸ್ಟಮ್ ಏಜೆಂಟ್ ಎಂಬ ಹೆಸರು ಬಂತು. ಹಳೆಯ ಟ್ಯುಟೋರಿಯಲ್ ನೋಡಿ ಮಾಡಿದ ಫೈಲ್‌ಗಳಿದ್ದರೆ ಹೆಸರೂ ಫೋಲ್ಡರೂ ಬದಲಾಯಿಸಿ.

ಕರ್ಸರ್. ಡಾಟ್ ಕರ್ಸರ್ ಫೋಲ್ಡರ್ ಒಳಗಿನ ರೂಲ್ಸ್ ಫೋಲ್ಡರ್‌ನಲ್ಲಿ ಫೈಲ್ ಇಡಿ. ಕೊನೆ ಡಾಟ್ ಎಂಡಿಸಿ ಇರಬೇಕು, ಬರೀ ಎಂಡಿ ಅಲ್ಲ. ತಲೆಭಾಗದಲ್ಲಿ ಡಿಸ್ಕ್ರಿಪ್ಷನ್, ಗ್ಲಾಬ್ಸ್ (ಯಾವ ಫೈಲ್‌ಗಳಿಗೆ ಎಂಬುದು), ಆಲ್ವೇಸ್‌ಅಪ್ಲೈ (ನಡುವಿನ ಎ ಮಾತ್ರ ದೊಡ್ಡಕ್ಷರ) ಎಂಬ ಮೂರು ಕೀ. ಇವನ್ನು ತುಂಬುವ ರೀತಿಯ ಮೇಲೆ ರೂಲ್ ನಾಲ್ಕು ಬಗೆ: ಯಾವಾಗಲೂ ಬರುವುದು, ವಿವರಣೆ ನೋಡಿ ಏಜೆಂಟ್ ತಾನೇ ಆರಿಸಿಕೊಳ್ಳುವುದು, ಕೆಲವು ಫೈಲ್‌ಗಳಿಗೆ ಮಾತ್ರ ಬರುವುದು, ನೀವು ಕರೆದಾಗ ಮಾತ್ರ ಬರುವುದು. ಪಾತ್ರಕ್ಕೆ ಕೊನೆಯದೇ ಸರಿ. ಆಲ್ವೇಸ್‌ಅಪ್ಲೈ ಫಾಲ್ಸ್ ಇಟ್ಟು ಉಳಿದೆರಡು ಖಾಲಿ ಬಿಡಿ, ಚಾಟ್‌ನಲ್ಲಿ ಆ್ಯಟ್ ಚಿಹ್ನೆ ಹಾಕಿ ಹೆಸರು ಕರೆಯಿರಿ. ರಿವ್ಯೂವರ್ ಪಾತ್ರ ಯಾವಾಗಲೂ ಬರುವ ಹಾಗೆ ಇಟ್ಟರೆ, ಕೋಡ್ ಬರೆ ಅಂದಾಗಲೂ "ತಿದ್ದುಪಡಿ ಮಾಡಬೇಡ" ಅನ್ನುವ ಸಾಲು ಎದುರಿಗೆ ಬರುತ್ತದೆ.

ರೂಲ್ ಬರೀ ಮಾತು, ಟೂಲನ್ನು ಅದು ಕಟ್ಟಿಹಾಕುವುದಿಲ್ಲ. ಹಾಗಾಗಿ ರಿವ್ಯೂ ಮಾಡಿಸುವಾಗ ಓದಲು ಮಾತ್ರ ಬಿಡುವ ಆಸ್ಕ್ ಮೋಡ್‌ಗೆ ಬದಲಾಯಿಸಿಕೊಳ್ಳಿ. ಹೊಸ ಆವೃತ್ತಿಗಳಲ್ಲಿ ಡಾಟ್ ಕರ್ಸರ್ ಒಳಗೆ ಏಜೆಂಟ್ಸ್ ಫೋಲ್ಡರ್ ಮಾಡಿ ಸಬ್‌ಏಜೆಂಟ್ (ಮುಖ್ಯ ಏಜೆಂಟ್ ಕೆಲಸ ವಹಿಸುವ ಇನ್ನೊಂದು ಏಜೆಂಟ್) ಇಡುವ ಸೌಲಭ್ಯವೂ ಇದೆ, ಅದರ ತಲೆಭಾಗದಲ್ಲಿ ರೀಡ್‌ಓನ್ಲಿ ಎಂಬ ಕೀ ಸಿಗುತ್ತದೆ. ಸಿಕ್ಕರೆ ಅದನ್ನೇ ಬಳಸಿ. ಇನ್ನೊಂದು ವಿಷಯ: ಟೈಪ್ ಮಾಡುವಾಗ ಮಸುಕಾಗಿ ಬರುವ ಟ್ಯಾಬ್ ಸಲಹೆಗಳಿಗೆ ರೂಲ್‌ಗಳು ಅನ್ವಯಿಸುವುದಿಲ್ಲ. ಕೋಪೈಲಟ್‌ನಲ್ಲೂ ಇದೇ ಕಥೆ. ಪಾತ್ರ ಕೆಲಸ ಮಾಡುವುದು ಚಾಟ್ ಮತ್ತು ಏಜೆಂಟ್‌ನಲ್ಲಿ.

ಕ್ಲಾಡ್ ಕೋಡ್. ಡಾಟ್ ಕ್ಲಾಡ್ ಒಳಗಿನ ಏಜೆಂಟ್ಸ್ ಫೋಲ್ಡರ್‌ನಲ್ಲಿ ಫೈಲ್. ಇದು ಪ್ರಾಜೆಕ್ಟ್‌ಗೆ ಮಾತ್ರ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ಡಾಟ್ ಕ್ಲಾಡ್ ಒಳಗೆ ಇಟ್ಟರೆ ನಿಮ್ಮ ಎಲ್ಲ ಪ್ರಾಜೆಕ್ಟ್‌ಗೂ ಸಿಗುತ್ತದೆ. ಎರಡೂ ಕಡೆ ಒಂದೇ ಹೆಸರಿದ್ದರೆ ಪ್ರಾಜೆಕ್ಟ್‌ನದೇ ಗೆಲ್ಲುತ್ತದೆ. ನೇಮ್, ಡಿಸ್ಕ್ರಿಪ್ಷನ್ ಎರಡೂ ಕಡ್ಡಾಯ. ಟೂಲ್ಸ್, ಮಾಡೆಲ್ ಐಚ್ಛಿಕ. ಈ "ಐಚ್ಛಿಕ" ಎಂಬಲ್ಲೇ ಎಚ್ಚರ ಬೇಕು: ಟೂಲ್ಸ್ ಸಾಲು ಬಿಟ್ಟರೆ ಎಲ್ಲ ಟೂಲೂ ಸಿಗುತ್ತವೆ. ರಿವ್ಯೂವರ್‌ಗೆ ಓದುವ, ಹುಡುಕುವ ಟೂಲ್‌ಗಳಾದ ರೀಡ್, ಗ್ರೆಪ್, ಗ್ಲಾಬ್ (ಮೊದಲಕ್ಷರ ದೊಡ್ಡದು) ಅಂತ ಬರೆದು ನಿಲ್ಲಿಸಿ.

ಡಿಫ್ ನೋಡಲು ಶೆಲ್ ಕಮಾಂಡ್ ಓಡಿಸುವ ಬ್ಯಾಷ್ ಟೂಲ್ ಬೇಕಲ್ಲ ಅಂತ ಅದನ್ನೂ ಸೇರಿಸಬೇಕು ಅನ್ನಿಸುತ್ತದೆ. ಎಡಿಟ್ ಕಿತ್ತುಕೊಂಡು ಬ್ಯಾಷ್ ಕೊಟ್ಟರೆ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಶೆಲ್ ಕಮಾಂಡ್‌ನಿಂದ ಫೈಲ್ ಬರೆಯುವುದು ಕಷ್ಟವೇ ಅಲ್ಲ. ನಾನು ಡಿಫನ್ನು ಮೊದಲೇ ಒಂದು ತಾತ್ಕಾಲಿಕ ಫೈಲ್‌ಗೆ ಬರೆದು, ಆ ಫೈಲ್ ಓದು ಅಂತ ಹೇಳುತ್ತೇನೆ. ಬ್ಯಾಷ್ ಬೇಕೇ ಬೇಕು ಅಂದರೆ ಡಾಟ್ ಕ್ಲಾಡ್ ಒಳಗಿನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಗಿಟ್ ಡಿಫ್ ಕಮಾಂಡ್‌ಗೆ ಮಾತ್ರ ಮೊದಲೇ ಅನುಮತಿ ಕೊಡಿ, ಉಳಿದದ್ದಕ್ಕೆ ಪ್ರತಿ ಸಲ ಕೇಳಲಿ.

ಇಲ್ಲಿನ ಸಬ್‌ಏಜೆಂಟ್‌ಗೆ ತನ್ನದೇ ಹೊಸ ಕಾಂಟೆಕ್ಸ್ಟ್ ಇರುತ್ತದೆ. ಇಷ್ಟು ಹೊತ್ತು ನೀವು ಮುಖ್ಯ ಚಾಟ್‌ನಲ್ಲಿ ಮಾತಾಡಿದ್ದು ಅದಕ್ಕೆ ಗೊತ್ತಿರುವುದಿಲ್ಲ. ರಿವ್ಯೂಗೆ ಇದು ಒಳ್ಳೆಯದೇ, ಕೋಡ್ ಬರೆದವರ ಸಮರ್ಥನೆ ಕೇಳದೆ ಕೋಡ್ ಮಾತ್ರ ಓದುತ್ತದೆ. ಆದರೆ ಪ್ಲಾನರ್‌ಗೆ ಬೇಕಾದ ಹಿನ್ನೆಲೆಯನ್ನು ಕರೆಯುವಾಗಲೇ ಕೊಡಿ. ಡಿಸ್ಕ್ರಿಪ್ಷನ್ ಸಾಲನ್ನು ಅಲಂಕಾರಕ್ಕೆ ಬರೆಯಬೇಡಿ, ಯಾವಾಗ ಈ ಪಾತ್ರವನ್ನು ಕರೆಯಬೇಕು ಅಂತ ಮುಖ್ಯ ಏಜೆಂಟ್ ನಿರ್ಧರಿಸುವುದು ಅದನ್ನು ಓದಿಯೇ.

ಉಳಿದವು ಬೇಗ ಮುಗಿಯುತ್ತವೆ. ವಿಂಡ್‌ಸರ್ಫ್‌ನಲ್ಲಿ ಡಾಟ್ ವಿಂಡ್‌ಸರ್ಫ್ ಒಳಗಿನ ರೂಲ್ಸ್ ಫೋಲ್ಡರ್, ಪಾತ್ರಕ್ಕೆ ಮ್ಯಾನ್ಯುಯಲ್ ಬಗೆ ಆರಿಸಿ. ಒಂದು ರೂಲ್ ಫೈಲ್‌ಗೆ 12,000 ಅಕ್ಷರಗಳ ಮಿತಿ ಇದೆ. ಪಾತ್ರ ಅಷ್ಟು ಉದ್ದ ಆಯಿತು ಅಂದರೆ ಮಿತಿಗಿಂತ ಮೊದಲು ಪಾತ್ರವನ್ನೇ ನೋಡಬೇಕು. ಜೆಟ್‌ಬ್ರೈನ್ಸ್ ಎಡಿಟರ್‌ಗಳ ಏಜೆಂಟ್ ಜ್ಯೂನಿಗೆ ಡಾಟ್ ಜ್ಯೂನಿ ಒಳಗೆ ಗೈಡ್‌ಲೈನ್ಸ್ ಡಾಟ್ ಎಂಡಿ. ಅದು ನಿಯಮಗಳ ಜಾಗ, ಪಾತ್ರವನ್ನು ಅಲ್ಲಿ ತುಂಬಬೇಡಿ, ಬೇಕಾದಾಗ ಚಾಟ್‌ನಲ್ಲಿ ಪಾತ್ರದ ಫೈಲನ್ನು ಜೊತೆಗೆ ಕೊಡಿ.

ಝೆಡ್‌ನಲ್ಲಿ ಪಾತ್ರಕ್ಕೆ ಹತ್ತಿರ ಬರುವುದು ಪ್ರೊಫೈಲ್. ರೈಟ್, ಆಸ್ಕ್, ಮಿನಿಮಲ್ ಎಂಬ ಮೂರು ಮೊದಲೇ ಇವೆ, ನಿಮ್ಮದೇ ಟೂಲ್ ಪಟ್ಟಿಯ ಪ್ರೊಫೈಲೂ ಮಾಡಬಹುದು. ಅಲ್ಲಿ ಒಂದು ಎಡವುವ ಜಾಗ ಇದೆ. ನಿಯಮದ ಫೈಲ್‌ಗಳ ಒಂದು ಪಟ್ಟಿಯನ್ನು ಕ್ರಮವಾಗಿ ಹುಡುಕಿ, ಮೊದಲು ಸಿಕ್ಕ ಒಂದನ್ನು ಮಾತ್ರ ಝೆಡ್ ಓದುತ್ತದೆ. ಹಳೆಯ ಡಾಟ್ ಕರ್ಸರ್‌ರೂಲ್ಸ್ ಫೈಲ್ ಆ ಪಟ್ಟಿಯಲ್ಲಿ ಏಜೆಂಟ್ಸ್ ಡಾಟ್ ಎಂಡಿಗಿಂತ ಮೇಲಿದೆ. ರಿಪೊಸಿಟರಿಯ ಮೂಲೆಯಲ್ಲಿ ಅಂಥದ್ದೊಂದು ಉಳಿದಿದ್ದರೆ ನಿಮ್ಮ ಹೊಸ ನಿಯಮಗಳು ತಲುಪುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ. ಹಳೆಯದನ್ನು ಅಳಿಸಿ.

ಹಂತ 6: ನಿಜವಾಗಿ ಓದಿತಾ ಅಂತ ಪರೀಕ್ಷಿಸಿ

"ನಿನ್ನ ಪಾತ್ರ ಏನು?" ಅಂತ ಏಜೆಂಟನ್ನೇ ಕೇಳಿ ನಂಬಬೇಡಿ. ಊಹೆ ಮಾಡಿಯೂ ಚೆಂದದ ಉತ್ತರ ಕೊಡುತ್ತದೆ. ಅದಕ್ಕೇ ಮೇಲಿನ ಪಾತ್ರದಲ್ಲಿ "ರಿವ್ಯೂ:" ಎಂಬ ಗುರುತು ಇಟ್ಟದ್ದು. ಆ ಪದ ಮೊದಲ ಸಾಲಿನಲ್ಲಿ ಬರದಿದ್ದರೆ ಫೈಲ್ ಬಹುಶಃ ಲೋಡ್ ಆಗಿಲ್ಲ. ವಿಎಸ್ ಕೋಡ್‌ನಲ್ಲಿ ಉತ್ತರದ ರೆಫರೆನ್ಸಸ್ ಭಾಗ ತೆರೆದರೆ ಯಾವ ಸೂಚನಾ ಫೈಲ್ ಬಳಕೆಯಾಯಿತು ಅಂತ ಕಾಣುತ್ತದೆ. ಕ್ಲಾಡ್ ಕೋಡ್‌ನಲ್ಲಿ ಕೈಯಾರೆ ಹೊಸ ಫೈಲ್ ಸೇರಿಸಿದ್ದರೆ ಸೆಷನ್ ಮುಚ್ಚಿ ಮತ್ತೆ ಶುರು ಮಾಡಿ.

ಆಮೇಲೆ ನಿಜವಾದ ಪರೀಕ್ಷೆ. ಒಂದು ಬ್ರಾಂಚ್‌ನಲ್ಲಿ ಬೇಕೆಂದೇ ಮೂರು ತಪ್ಪು ಮಾಡಿಡಿ: ಒಂದು ಲೆಕ್ಕದ ತಪ್ಪು, ಒಂದು ನುಂಗಿಹಾಕಿದ ಎರರ್, ಒಂದು ಸುಮ್ನೆ ಬದಲಾಯಿಸಿದ ಟೆಸ್ಟ್ ನಿರೀಕ್ಷೆ. ಎಲ್ಲ ಎಡಿಟರ್‌ಗಳಲ್ಲೂ ಅದೇ ಡಿಫ್ ಕೊಟ್ಟು ಅದೇ ಪಾತ್ರ ಓಡಿಸಿ. ಮಾತಿನ ರೀತಿ ಸ್ವಲ್ಪ ಬೇರೆ ಇರುತ್ತದೆ, ಮಾಡೆಲ್ ಬೇರೆ ಇದ್ದರಂತೂ ಇನ್ನೂ ಜಾಸ್ತಿ. ಅದರ ಚಿಂತೆ ಬೇಡ. ಮೂರೂ ಸಿಕ್ಕವಾ, ರೂಪ ಸರಿ ಇದೆಯಾ ಎಂದು ನೋಡಿ. ಕೊನೆಗೆ "ಇದನ್ನು ನೀನೇ ಸರಿ ಮಾಡಿಬಿಡು" ಅಂತ ಒತ್ತಾಯ ಮಾಡಿ. ಟೂಲ್ ಇಲ್ಲ ಅಂತ ನಿಂತರೆ ಪಾತ್ರ ಗಟ್ಟಿ ಇದೆ. ಫೈಲ್ ಬದಲಾದರೆ ಹಂತ 5ಕ್ಕೆ ವಾಪಸ್ ಹೋಗಿ.

ಈ ಬ್ರಾಂಚನ್ನು ಅಳಿಸಬೇಡಿ. ಪಾತ್ರದಲ್ಲಿ ಒಂದು ಸಾಲು ಬದಲಾಯಿಸಿದಾಗಲೂ, ಎಡಿಟರ್ ಅಪ್‌ಡೇಟ್ ಆದಾಗಲೂ ಇದರ ಮೇಲೆ ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದೇ ಸಾಲು ಬದಲಾಯಿಸಿ, ಬದಲಾಯಿಸಿದ್ದು ಯಾಕೆ ಅಂತ ಕಮಿಟ್ ಸಂದೇಶದಲ್ಲಿ ಬರೆಯಿರಿ.

ಹಂತ 7: ಪಾತ್ರದ ಫೈಲೂ ಕೋಡೇ

ರಿಪೊಸಿಟರಿಯಲ್ಲಿ ಇಟ್ಟ ಪಾತ್ರ ಎಲ್ಲರ ಏಜೆಂಟ್‌ಗೂ ಆದೇಶ ಕೊಡುತ್ತದೆ. ಅದರಲ್ಲಿ ಪಾಸ್‌ವರ್ಡ್, ಎಪಿಐ ಕೀ ಯಾವುದೂ ಬೇಡ. ಅದನ್ನು ಬದಲಾಯಿಸುವ ಪುಲ್ ರಿಕ್ವೆಸ್ಟನ್ನು ಕೋಡ್‌ನಷ್ಟೇ ಗಮನ ಕೊಟ್ಟು ಓದಿ. ಬೇರೆಯವರ ರಿಪೊಸಿಟರಿ ಇಳಿಸಿಕೊಂಡಾಗ, ಏಜೆಂಟ್ ಓಡಿಸುವ ಮುಂಚೆ ಅದರ ರೂಲ್ ಮತ್ತು ಏಜೆಂಟ್ ಫೋಲ್ಡರ್‌ಗಳನ್ನು ತೆರೆದು ನೋಡಿ.

ಕಣ್ಣಿಗೆ ಕಾಣುವುದನ್ನು ಓದಿದರೆ ಸಾಲದು. ರೂಲ್ ಫೈಲ್‌ಗಳಲ್ಲಿ ಕಾಣದ ಯೂನಿಕೋಡ್ ಅಕ್ಷರಗಳನ್ನು ಅಡಗಿಸಿ ಏಜೆಂಟ್‌ನಿಂದ ಕೆಟ್ಟ ಕೋಡ್ ಬರೆಸಬಹುದು ಅಂತ 2025ರ ಮಾರ್ಚ್‌ನಲ್ಲಿ ಭದ್ರತಾ ಸಂಶೋಧಕರು ತೋರಿಸಿದರು. ಇಂಥ ಅಕ್ಷರಗಳನ್ನು ಹುಡುಕುವ ಪರೀಕ್ಷೆಯನ್ನು ನಿಮ್ಮ ಸಿಐಗೆ (ಕೋಡ್ ಬದಲಾದಾಗಲೆಲ್ಲ ತಾನಾಗಿ ಓಡುವ ಪರೀಕ್ಷಾ ವ್ಯವಸ್ಥೆ) ಸೇರಿಸಿ. ಕನ್ನಡದಲ್ಲಿ ಪಾತ್ರ ಬರೆದವರಿಗೆ ಇಲ್ಲೊಂದು ತೊಡಕು ಬರುತ್ತದೆ. "ಎಡಿಟರ್‌ಗಳು" ಅಂತ ಬರೆಯುವಾಗ ರ್ ಮತ್ತು ಗ ಒತ್ತಾಗಿ ಸೇರದಂತೆ ನಡುವೆ ಕಾಣದ ಒಂದು ಅಕ್ಷರ ಇರುತ್ತದೆ, ಯು ಪ್ಲಸ್ 200ಸಿ. ಪರೀಕ್ಷೆ ಅದನ್ನೂ ಹಿಡಿದು ಬಿಲ್ಡ್ ನಿಲ್ಲಿಸುತ್ತದೆ. ಆ ಅಕ್ಷರಕ್ಕೆ ಪೂರ್ತಿ ವಿನಾಯಿತಿ ಕೊಡಬೇಡಿ. ಅದರ ಹಿಂದೆ ಕನ್ನಡದ ಹಲಂತ ಚಿಹ್ನೆ, ಅಂದರೆ ಅರ್ಧಾಕ್ಷರದ ಕೊಕ್ಕೆ, ಮತ್ತು ಮುಂದೆ ಕನ್ನಡ ಅಕ್ಷರ ಇದ್ದಾಗ ಮಾತ್ರ ಬಿಡಿ. ಬೇರೆ ಎಲ್ಲಿ ಕಂಡರೂ ಬಿಲ್ಡ್ ನಿಲ್ಲಲಿ.